ಕಾಗದ ತುಂಬಿದ ಚೀಲ

ಆ ಮನೆಯ ಮುಂಗೋಣೆಯಲ್ಲಿ ತಲೆಯೆತ್ತಿದರೆ ಸೂರು ಕಾಣುತ್ತಿರಲಿಲ್ಲ, ಚೀಲಗಳು ಕಾಣುತ್ತಿದ್ದವು. ಶಾಲೆಯ ಚೀಲ, ಪ್ರಯಾಣದ ಚೀಲ, ಪಟ್ಟಿ ಕಿತ್ತ ಚೀಲ, ಜಿಪ್ಪಿನ ಹಲ್ಲುದುರಿದ ಚೀಲ, ಒಂದೊಂದು ಕೊಕ್ಕೆಗೆ ಒಂದೊಂದು. ಬೀದಿಯ ಗಾಳಿ ಒಳಗೆ ಬಂದಾಗ ಅವೆಲ್ಲ ಮೆಲ್ಲನೆ ಒಟ್ಟಿಗೆ ತಿರುಗುತ್ತಿದ್ದವು, ಯಾರೋ ಹೇಳುವ ಕಥೆಗೆ ತಲೆದೂಗುವ ಮಕ್ಕಳ ಹಾಗೆ.

ಅವುಗಳ ಕೆಳಗೆ ಹೊಲಿಗೆ ಯಂತ್ರದ ಮುಂದೆ ಕುಳಿತಿರುತ್ತಿದ್ದವಳು ಚೀಲದಮ್ಮ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಬೀದಿ ಅದನ್ನು ಎಂದೋ ಮರೆತಿತ್ತು. ಗಂಡ ಹೋದ ಮೇಲೆ ಅಂಗಡಿಯನ್ನೂ ಮಗನನ್ನೂ ಅತ್ತೆಯನ್ನೂ ಒಟ್ಟಿಗೆ ಎಳೆದುಕೊಂಡು ಬಂದ ಹೆಂಗಸು. ಗಿರಾಕಿಗಳೊಂದಿಗೆ ಅವಳ ಬಾಯಿ ಅವಳ ಕತ್ತರಿಗಿಂತ ಚುರುಕು.

"ಚೀಲದಮ್ಮ, ನನ್ನ ಮಗನ ಚೀಲ ಮತ್ತೆ ಬಾಯಿ ಬಿಟ್ಟಿದೆ ನೋಡಿ."

"ನಿಮ್ಮ ಮಗ ಇದರೊಳಗೆ ಪುಸ್ತಕ ತುಂಬ್ತಾನೋ ಇಟ್ಟಿಗೆ ತುಂಬ್ತಾನೋ? ಪಾಪ, ಇದು ಬರೀ ಬಾಯಿ ಬಿಟ್ಟಿದೆ. ನಾನಾಗಿದ್ರೆ ಕಿರುಚಿರ್ತಿದ್ದೆ."

ಆ ಅಂಗಡಿಗೊಂದು ನಿಯಮವಿತ್ತು. ಮಾರುವ ಚೀಲವನ್ನು ಖಾಲಿಯಾಗಿ ತೂಗುಹಾಕಬಾರದು. ಜೋತುಬಿದ್ದ ಚೀಲಕ್ಕೆ ಯಾರೂ ಕೈಹಾಕುವುದಿಲ್ಲ. ಹೊಟ್ಟೆ ತುಂಬಿದಂತೆ ಕಂಡರೆ ಮಾತ್ರ ದಾರಿಹೋಕರು ನಿಂತು ನೋಡುತ್ತಾರೆ. ಹಾಗಾಗಿ ಹಳೆಯ ಪತ್ರಿಕೆಯ ಹಾಳೆಗಳನ್ನು ಮುದುಡಿ ಒಳಗೆ ತುಂಬುವುದು ರೂಢಿ. ಚೀಲದಮ್ಮನ ಕೈಗೆ ಆ ವಿದ್ಯೆ ಎಷ್ಟು ಚೆನ್ನಾಗಿ ಒಲಿದಿತ್ತೆಂದರೆ, ಅವಳ ಕೈ ಕಾಗದ ತುಂಬಿದ ಚೀಲವನ್ನು ಯಾರೇ ನೋಡಿದರೂ ಒಳಗೆ ಬಟ್ಟೆ ಮಡಿಸಿಟ್ಟು ಯಾರೋ ಊರಿಗೆ ಹೊರಟಿದ್ದಾರೆ ಎಂದೇ ಅನ್ನಿಸಬೇಕು.

ಸೊಸೆ ಈ ಮನೆಗೆ ಬಂದದ್ದೂ ಚೀಲದ ದೆಸೆಯಿಂದಲೇ. ಅವಳು ಬಸ್ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಇಟ್ಟುಕೊಳ್ಳುವ ಕೋಣೆಯಲ್ಲಿ ಟೋಕನ್ ಕೊಡುತ್ತಿದ್ದಳು. ಪಟ್ಟಿ ಹರಿದ ಚೀಲಗಳನ್ನು ಈ ಅಂಗಡಿಗೆ ಕಳಿಸುತ್ತಿದ್ದಳು. ಹೊಲಿದದ್ದನ್ನು ಮಗನೇ ತಂದುಕೊಡುತ್ತಿದ್ದ. ಒಟ್ಟಿಗೆ ತರಬಹುದಾದ್ದನ್ನು ಒಂದೊಂದಾಗಿ ತಂದ. ಕೊನೆಗೊಮ್ಮೆ ಕೆಟ್ಟೇ ಇಲ್ಲದ ಚೀಲವನ್ನೂ ರಿಪೇರಿ ಮಾಡಿ ತಂದಾಗ ಅವಳಿಗೆ ವಿಷಯ ಗೊತ್ತಾಯಿತಂತೆ.

ಈಗ ಅವಳಿಗೆ ತಿಂಗಳು ತುಂಬುತ್ತ ಬಂದಿತ್ತು. ಕಾಲು ಊದಿಕೊಂಡು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಬೀದಿಯ ಕೊನೆಯ ಚಿಕಿತ್ಸಾಲಯದ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿ, ಹುಬ್ಬು ಗಂಟಿಕ್ಕಿ, ಮಾತ್ರೆ ಬರೆಸಿಕೊಟ್ಟಿದ್ದಳು.

"ನೋಡಮ್ಮ, ಈಗಲೇ ಒಂದು ಚೀಲ ತುಂಬಿಟ್ಕೋ. ತಲೆ ಸಿಡಿದ ಹಾಗಾದ್ರೆ, ಕಣ್ಮುಂದೆ ಮಿಂಚಿದ ಹಾಗಾದ್ರೆ, ಎದೆಗೂಡಿನ ಕೆಳಗೆ ನೋವು ಬಂದ್ರೆ, ಹೆರಿಗೆ ನೋವಿಗೆ ಕಾಯಬೇಡ. ಚೀಲ ಎತ್ಕೊಂಡು ನೇರ ದೊಡ್ಡಾಸ್ಪತ್ರೆಗೆ ಹೋಗು. ಅಲ್ಲಿ ನಿನ್ನ ಮುಖ ಯಾರಿಗೂ ಗೊತ್ತಿಲ್ಲ. ನಿನಗೆ ಮಾತಾಡೋಕಾಗದೆ ಇದ್ರೆ ಈ ಫೈಲೇ ನಿನ್ನ ಬಾಯಿ."

ಮಗ ಅಂದೇ ಕೂತು ಚೀಲ ಹೊಲಿದ. ಉಳಿದ ತುಂಡುಗಳಲ್ಲಿ ಅತ್ಯಂತ ಗಟ್ಟಿಯಾದ ನೀಲಿ ಬಟ್ಟೆ ಆರಿಸಿ, ಜೋಡಿ ಹೊಲಿಗೆ ಹಾಕಿ, ಜೇಬಿನ ಮೇಲೆ ಜೇಬಿಟ್ಟ.

"ಇದು ಫೈಲಿಗೆ. ಇದು ನೀರಿನ ಬಾಟಲಿಗೆ. ಇದು ಸೋಪಿಗೆ."

"ಮತ್ತೆ ಇದು?"

"ಅದು ಸುಮ್ನೆ ಕಣೇ. ಜೇಬು ಹೊಲಿಯೋಕೆ ಶುರು ಮಾಡಿದ್ರೆ ಕೈ ನಿಲ್ಲಲ್ಲ ನಂಗೆ."

ಮರುದಿನ ಮಧ್ಯಾಹ್ನ ಅವಳು ಮಂಚದ ಮೇಲೆ ಎಲ್ಲವನ್ನೂ ಹರಡಿಕೊಂಡಳು. ಮುಂದೆ ಗುಂಡಿಯಿರುವ ಎರಡು ಸಡಿಲ ಉಡುಪು, ಟವೆಲ್, ಬಾಚಣಿಗೆ, ಸ್ಟೀಲ್ ಲೋಟ, ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯ ಚೌಕಗಳು, ಆಸ್ಪತ್ರೆಯ ಫೈಲು. ಮೇಲೆ, ಚೀಲಗಳ ಒಳಪದರಕ್ಕೆ ಹಾಕುವ ಬಿಳಿ ಬಟ್ಟೆಯಲ್ಲಿ ತಾನೇ ಹೊಲಿದ ಪುಟ್ಟ ಕುಲಾವಿ. ಅದನ್ನು ಮುಷ್ಟಿಗೆ ತೊಡಿಸಿ, ಗದ್ದದ ಕೆಳಗಿನ ದಾರ ಕಟ್ಟಿ, ಮುಷ್ಟಿಯನ್ನೇ ಮಾತಾಡಿಸಿದಳು: "ಏನ್ ಮರಿ, ಹೊರಡೋಣ್ವಾ?"

ಆ ಹೊತ್ತಿಗೆ ಹಿರಿಯಜ್ಜಿ ಬಾಗಿಲಲ್ಲಿ ನಿಂತಿದ್ದಳು. ಚೀಲದಮ್ಮನ ಅತ್ತೆ ಅವಳು. ಬೆನ್ನು ಬಾಗಿದರೂ ಮಾತು ಬಾಗಿರಲಿಲ್ಲ.

"ಏನದು ಕೈಯಲ್ಲಿ?"

"ಕುಲಾವಿ ಅಜ್ಜಿ. ಚೆನ್ನಾಗಿದ್ಯಾ?"

"ಅಯ್ಯೋ ನಿನ್ನ ಕೈ ಸೇದಿಹೋಗ! ಕೂಸು ಹುಟ್ಟೋಕೆ ಮುಂಚೆ ಕುಲಾವಿನಾ? ಗಾದೆ ಮಾಡಿದೋರು ಮಾಡೋಕೆ ಕೆಲಸ ಇಲ್ದೆ ಮಾಡಿದ್ರು ಅಂದ್ಕೊಂಡ್ಯಾ? ಈ ಮನೇಲಿ ಹುಟ್ಟದ ಮಗೂಗೆ ಒಂದು ದಾರದ ಎಳೆ ಕೂಡ ಎತ್ತಿಡಲ್ಲ. ನೋವು ಬಂದ್ರೂ ಬಾಯಿ ಬಿಡಲ್ಲ. ನೋವು ಎಷ್ಟು ಕಿವಿಗೆ ಬೀಳುತ್ತೋ ಅಷ್ಟು ಹೊತ್ತು ಬೆಳೆಯುತ್ತೆ."

"ಅಜ್ಜಿ, ಮಳೆಗಾಲಕ್ಕೆ ಮುಂಚೆ ಎಲ್ರೂ ಕೊಡೆ ರಿಪೇರಿ ಮಾಡಿಸ್ತಾರೆ. ಕೊಡೆ ನೋಡಿ ಮಳೆ ಬರುತ್ತಾ?"

"ಮಾತಿಗೆ ಮಾತು ಪೋಣಿಸಬೇಡ. ಒಬ್ಬಳು ಬಸುರಿ ಇದ್ದಳಂತೆ. ಮುಂಚೇನೇ ಪುಟ್ಟ ಹಾಸಿಗೆ ಹಾಸಿಟ್ಟಳಂತೆ. ದಾರೀಲಿ ಹೋಗ್ತಿದ್ದ ಸಾವು ಕಿಟಕೀಲಿ ಇಣುಕಿ, ಓಹೋ, ಹಾಸಿಗೆ ಹಾಸಿ ಯಾರನ್ನೋ ಕಾಯ್ತಿದಾರೆ, ನಾನೇ ಹೋಗಿ ಮಲಗೋಣ ಅಂತ ಒಳಗೆ ಬಂತಂತೆ."

"ಸಾವಿಗೆ ಈ ಕುಲಾವಿ ಹಿಡಿಸುತ್ತಾ ಅಜ್ಜಿ? ಅದರ ತಲೆ ಇಷ್ಟು ಚಿಕ್ಕದಾ?"

ಮುಂಗೋಣೆಯಿಂದ ಮಗ ನಕ್ಕುಬಿಟ್ಟ. ಅಜ್ಜಿ ನಗಲಿಲ್ಲ. ಯಂತ್ರ ಬಿಟ್ಟು ಬಂದಿದ್ದ ಚೀಲದಮ್ಮ ಕುಲಾವಿಯನ್ನು ನೋಡಿದವಳು ಹಾಗೆಯೇ ಬಾಗಿಲ ಚೌಕಟ್ಟಿಗೆ ಒರಗಿದಳು.

"ನೀವು ಹೇಳಿ ಅತ್ತೆ," ಎಂದಳು ಸೊಸೆ. "ಬಸ್ ನಿಲ್ದಾಣದಲ್ಲಿ ಎಷ್ಟು ಜನರನ್ನ ನೋಡಿದೀನಿ. ಚೀಲ ಮುಂಚೆ ತುಂಬಿಟ್ಟೋರಿಗೆ ಬಸ್ ಸಿಗುತ್ತೆ. ಕೊನೇ ಗಳಿಗೇಲಿ ತುಂಬೋರು ಬಸ್ಸಿನ ಹೊಗೆ ಕುಡೀತಾ ನಿಂತಿರ್ತಾರೆ. ತುಂಬಿಟ್ಟಿದ್ದಕ್ಕೆ ಬಸ್ಸು ಮುಗುಚಿಬಿದ್ದಿದ್ದು ನಾನಂತೂ ನೋಡಿಲ್ಲ."

ಗಿರಾಕಿಗಳ ಮುಂದೆ ಅಷ್ಟು ಚುರುಕಾಗಿದ್ದ ಚೀಲದಮ್ಮನ ಬಾಯಿ ಅತ್ತೆಯ ಮುಂದೆ ಎಂದೂ ತೆರೆದದ್ದಿಲ್ಲ. ಮಗನೇ ನೀಲಿ ಚೀಲದ ಜಿಪ್ಪು ಎಳೆದು, ಅದನ್ನು ಬೀರುವಿನ ಮೇಲಿಟ್ಟ. "ಅಲ್ಲಿರಲಿ ಅಜ್ಜಿ. ನಿಮ್ಮ ಕಣ್ಣಿಗೂ ಬೀಳಲ್ಲ, ಸಾವಿನ ಕಣ್ಣಿಗೂ ಬೀಳಲ್ಲ."

ಅಜ್ಜಿಯರ ಕಥೆ ಕೇಳಿ ಬೆಳೆದವರಿಗೆಲ್ಲ ಗೊತ್ತು: ಕಥೆಯೊಳಗಿನ ಸಾವಿಗೆ ಕಾಲಿರುತ್ತದೆ, ಅದು ತೆರೆದ ಕಿಟಕಿ ಹುಡುಕುತ್ತದೆ. ಕಥೆ ಮುಗಿಸಿ ಅಜ್ಜಿ ನಿದ್ದೆಹೋಗುತ್ತಾಳೆ. ಆ ಸಾವು ಮಾತ್ರ ಕೇಳಿದವರ ಎದೆಯಲ್ಲಿ ಎಚ್ಚರವಾಗಿ ಕುಳಿತಿರುತ್ತದೆ. ಚೀಲದಮ್ಮನ ಎದೆಯಲ್ಲಿ ಅದು ಹರೆಯದಿಂದ ಕುಳಿತಿತ್ತು.

ಈ ಮಗನಿಗಿಂತ ಮೊದಲು ಅವಳಿಗೊಂದು ಮಗು ಆಗಿತ್ತು. ಆಗಲೂ ಕಾಲು ಊದಿತ್ತು, ತಲೆ ಸಿಡಿದಿತ್ತು. ಬಾಯಿ ಬಿಡದೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಗು ಅಳದೆ ಹುಟ್ಟಿತು. ಹೆತ್ತ ಮೈ ಇನ್ನೂ ನಡುಗುತ್ತಿರುವಾಗ ಅವಳ ಹಾಸಿಗೆಯ ಕೆಳಗೆ ಹಿರಿಯಜ್ಜಿಗೆ ಒಂದು ಕುಲಾವಿ ಸಿಕ್ಕಿತು. ಆಗಿನ್ನೂ ಹುಡುಗಿಯಾಗಿದ್ದ ಚೀಲದಮ್ಮ ಆಸೆ ತಡೆಯಲಾರದೆ ಕದ್ದು ಹೊಲಿದಿದ್ದಳು. "ನೋಡು, ಇದೇ ತಿಂದಿದ್ದು. ನಿನ್ನ ಕೈಯಾರೆ ಹೊಲಿದೆ. ತಗೊಂಡು ಹೋಗಿ ಸುಡು," ಎಂದಿದ್ದಳು ಅತ್ತೆ. ಚೀಲದಮ್ಮ ಅದನ್ನು ಸುಡಲಾರದೆ ಯಂತ್ರದ ಖಾನೆಯಲ್ಲಿ, ದಾರದ ಉಂಡೆಗಳ ಅಡಿಯಲ್ಲಿ ಹುದುಗಿಸಿಟ್ಟಳು. ಅಂದಿನಿಂದ ಆ ಯಂತ್ರ ತುಳಿಯುವಾಗಲೆಲ್ಲ ಮಂಡಿಯ ಪಕ್ಕದಲ್ಲೇ ಆ ಖಾನೆ. ಮಗುವನ್ನು ಕೊಂದವಳು ತಾನೇ ಎಂದು ಅವಳು ನಂಬಿದ್ದಳು, ಯಾರಿಗೂ ಹೇಳಿರಲಿಲ್ಲ.

ಓದುಗರೇ, ಅವಳು ಮುಂದೆ ಮಾಡಿದ್ದನ್ನು ಕೆಡುಕಿನಿಂದ ಮಾಡಿದಳೆಂದು ತಿಳಿಯಬೇಡಿ. ಕೆಡುಕಿಗಿಂತ ಹೆಚ್ಚಿನ ಹಾನಿಯನ್ನು ಭಯ ಮಾಡುತ್ತದೆ, ಯಾಕೆಂದರೆ ಅದು ಪ್ರೀತಿಯ ಉಡುಪು ತೊಟ್ಟು ಬರುತ್ತದೆ.

ಸೊಸೆ ಸ್ನಾನಕ್ಕೆ ಹೋಗಿದ್ದಾಗ ಅವಳು ಕುರ್ಚಿ ಹತ್ತಿ ನೀಲಿ ಚೀಲ ಇಳಿಸಿದಳು. ಉಡುಪುಗಳು ಕಪಾಟಿಗೆ ಹೋದವು, ಟವೆಲ್ ಹಗ್ಗಕ್ಕೆ, ಲೋಟ ಅಡುಗೆಮನೆಗೆ. ಫೈಲನ್ನು, ಮಲಗಿ ನಿದ್ದೆಹೋಗಿದ್ದ ಹಿರಿಯಜ್ಜಿಯ ಕಬ್ಬಿಣದ ಪೆಟ್ಟಿಗೆಯ ತಳಕ್ಕೆ ಸೇರಿಸಿದಳು, ಅಲ್ಲಿ ಯಾರೂ ಕೈಹಾಕುವುದಿಲ್ಲವೆಂದು. ಬಿಳಿ ಕುಲಾವಿಯನ್ನು ಯಂತ್ರದ ಖಾನೆಯಲ್ಲಿದ್ದ ಹಳೆಯ ಕುಲಾವಿಯ ಮೇಲಿಟ್ಟಳು. ಖಾಲಿ ಚೀಲ ಕೈಯಲ್ಲಿ ಜೋತುಬಿತ್ತು. ಹೀಗೆ ಇಟ್ಟರೆ ಹುಡುಗಿಗೆ ತಿಳಿಯುತ್ತದೆ. ಮುಂದಿನದ್ದನ್ನು ಅವಳ ಕೈಗಳೇ ಮಾಡಿದವು: ಹಳೆಯ ಪತ್ರಿಕೆ ಎಳೆದವು, ಮುದುಡಿದವು, ಮೂಲೆ ತುಂಬಿದವು, ಹೊಟ್ಟೆ ಉಬ್ಬಿಸಿದವು. ಜಿಪ್ಪು ಎಳೆದು ಮೇಲಿಟ್ಟಾಗ ಆ ಚೀಲ ಮೊದಲಿಗಿಂತ ಚೆನ್ನಾಗಿ ತುಂಬಿದಂತೆ ಕಂಡಿತು.

"ನೋವು ಶುರುವಾದ ತಕ್ಷಣ ಎಲ್ಲ ವಾಪಸ್ ತುಂಬಿಬಿಡ್ತೀನಿ," ಎಂದು ತನಗೇ ಹೇಳಿಕೊಂಡಳು. ಸೊಸೆ ತಲೆ ಒರೆಸಿಕೊಳ್ಳುತ್ತ ಬಂದು, ಬೀರುವಿನ ಮೇಲೆ ಕಣ್ಣಾಡಿಸಿ, ನೆಮ್ಮದಿಯಿಂದ ನಕ್ಕಳು. ಆ ನಗೆ ಚೀಲದಮ್ಮನಿಗೆ ಸೂಜಿ ಚುಚ್ಚಿದಂತಾಯಿತು. ಹೋಗಿ ಯಂತ್ರದ ಮುಂದೆ ಕೂತಳು.

ಹೆರಿಗೆ ನೋವು ಬರಲಿಲ್ಲ. ಅದಕ್ಕೆ ಮೊದಲೇ ಒಂದು ಬೆಳಿಗ್ಗೆ ತಲೆನೋವು ಬಂತು. ಮಗ ಶಾಲೆಯೊಂದಕ್ಕೆ ಚೀಲಗಳನ್ನು ಒಪ್ಪಿಸಲು ಹೋಗಿದ್ದ. ಸೊಸೆ ಮಂಚದ ಅಂಚಿನಲ್ಲಿ ಕೂತು, ಎರಡು ಕೈಯಲ್ಲೂ ಹಣೆ ಹಿಡಿದುಕೊಂಡು ಹೇಳಿದಳು:

"ಅತ್ತೆ, ತಲೆ ಒಡೆದುಹೋಗ್ತಿದೆ. ನರ್ಸಮ್ಮ ಹೇಳಿದ್ದು ಇದೇ ಇರಬೇಕು. ನನ್ನ ಚೀಲ ಇಳಿಸಿ, ಹೋಗೋಣ. ಇವರಿಗೆ ಫೋನ್ ಮಾಡಿ."

ಚೀಲದಮ್ಮ ಬೀರುವಿನ ಕಡೆ ನೋಡಿದಳು. "ಮಾಡ್ತೀನಿ ಕಂದ. ಸ್ವಲ್ಪ ಮಲಗಿರು."

ಫೋನನ್ನು ಕೈಗೆತ್ತಿಕೊಂಡಳು. ಮಗ ಬಂದರೆ ಮೊದಲು ಚೀಲ ಎತ್ತುತ್ತಾನೆ. ಎತ್ತಿದರೆ ಹಗುರ. ಹಗುರವೆಂದು ತೆರೆದರೆ? ಮೊದಲು ತುಂಬಿಬಿಡೋಣ, ಆಮೇಲೆ ಕರೆಯೋಣ ಎಂದುಕೊಂಡು ಫೋನನ್ನು ಯಂತ್ರದ ಮೇಲಿಟ್ಟಳು. ಕಪಾಟಿನಿಂದ ಉಡುಪು ತೆಗೆದಳು, ಹಗ್ಗದಿಂದ ಟವೆಲ್ ಎಳೆದಳು, ಲೋಟ ತಂದಳು. ಎಲ್ಲವನ್ನೂ ಮಡಿಲಲ್ಲಿ ಕಟ್ಟಿಕೊಂಡು ಹಿರಿಯಜ್ಜಿಯ ಕೋಣೆಗೆ ಹೋದರೆ, ಅಜ್ಜಿ ಕಬ್ಬಿಣದ ಪೆಟ್ಟಿಗೆಯ ಮೇಲೆಯೇ ಕೂತಿದ್ದಳು. ಅದು ಅವಳ ನಿತ್ಯದ ಆಸನ.

"ಅತ್ತೆಮ್ಮ, ಸ್ವಲ್ಪ ಏಳಿ. ಅವಳ ಫೈಲು ಈ ಪೆಟ್ಟಿಗೇಲಿದೆ, ಬೇಕು."

"ಯಾಕೆ? ನೋವು ಬಂತಾ?"

"ಇಲ್ಲ. ತಲೆನೋವು."

"ತಲೆನೋವಿಗೆ ಆಸ್ಪತ್ರೆನಾ? ಊರಿಗೆಲ್ಲ ಗೊತ್ತು ಮಾಡಿ ಅದನ್ನೂ ಕಳ್ಕೋಬೇಕಾ? ನೀನು ಕಳ್ಕೊಂಡಿದ್ದು ಸಾಲದಾ? ಹೋಗು, ಹಣೆಗೆ ತಣ್ಣೀರು ಬಟ್ಟೆ ಹಾಕು. ನಾನು ಏಳಲ್ಲ."

ಒಬ್ಬ ಮುದುಕಿಯನ್ನು ತೋಳು ಹಿಡಿದು ಎಬ್ಬಿಸುವುದು ಎಷ್ಟರ ಕೆಲಸ! ಮೂಟೆಗಟ್ಟಲೆ ಬಟ್ಟೆ ಹೊತ್ತ ಕೈಗಳು ಅವು. ಆದರೆ 'ನೀನು ಕಳ್ಕೊಂಡಿದ್ದು' ಎಂಬ ಮಾತು ಕಿವಿಗೆ ಬಿದ್ದೊಡನೆ ಚೀಲದಮ್ಮ ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ ಹುಡುಗಿಯಾದಳು. ಮಡಿಲಲ್ಲಿದ್ದುದನ್ನು ಅಲ್ಲೇ ಇಳಿಸಿ, ಹೋಗಿ ಹಣೆಗೆ ತಣ್ಣೀರು ಬಟ್ಟೆ ಹಾಕಿದಳು.

ಸೊಸೆ ಮತ್ತೆ ಕೇಳಿದಳು: "ಇವರು ಹೊರಟ್ರಾ?"

"ಹೊರಟಿದಾನೆ."

ಅದು ಸುಳ್ಳು. ಬಟ್ಟೆ ಬಿಸಿಯಾಯಿತು, ಅದ್ದಿ ಹಿಂಡಿ ಮತ್ತೆ ಹಾಕಿದಳು. ಮತ್ತೆ ಅಜ್ಜಿಯ ಹತ್ತಿರ ಹೋದಳು, ಮತ್ತೆ ಬರಿಗೈಯಲ್ಲಿ ಬಂದಳು. ಹೊರಗೆ ಗಿರಾಕಿಯೊಬ್ಬ ಕೂಗಿ ಕೂಗಿ ಹೋದ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು.

"ಅತ್ತೆ, ಕಣ್ಣ ತುಂಬ ಮಿಂಚುಹುಳ," ಎಂದಳು ಸೊಸೆ. ಮಾತು ತೊದಲುತ್ತಿತ್ತು. "ಎಷ್ಟೊಂದು... ನಿಮಗೂ ಕಾಣ್ತಿದ್ಯಾ?"

ಆಗ ಮಗ ಊಟಕ್ಕೆ ಬಂದ. ಹೆಂಡತಿಯ ಮುಖ ನೋಡಿದವನೇ ಕೈಯಲ್ಲಿದ್ದುದನ್ನು ಎಸೆದು, ಬೀದಿಗೆ ಓಡಿ, ಬಾಡಿಗೆ ಗಾಡಿಯೊಂದನ್ನು ತಂದು ನಿಲ್ಲಿಸಿದ. ಅವಳನ್ನು ಎತ್ತಿಕೊಂಡ. "ಅಮ್ಮ, ಚೀಲ!" ಎಂದು ಕೂಗಿದ. ಚೀಲದಮ್ಮ ನೀಲಿ ಚೀಲ ಇಳಿಸಿ ಎದೆಗವಚಿಕೊಂಡು ಗಾಡಿ ಹತ್ತಿದಳು. ಗಾಡಿ ತಿರುವು ತೆಗೆದುಕೊಂಡಾಗಲೆಲ್ಲ ಒಳಗಿನ ಕಾಗದ ಸರಸರ ಎನ್ನುತ್ತಿತ್ತು. ದಾರಿಯಲ್ಲೇ ಸೊಸೆಗೆ ಫಿಟ್ಸ್ ಬಂತು. ಮೈ ಬಿಲ್ಲಿನಂತೆ ಸೆಟೆದು, ಹಲ್ಲು ಕಚ್ಚಿ, ಪ್ರಜ್ಞೆ ತಪ್ಪಿತು.

ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಗಾಲಿಮಂಚಕ್ಕೆ ಹಾಕಿ ಓಡಿಸಿದರು. ಹೆರಿಗೆ ವಾರ್ಡಿನ ಹಿರಿಯ ನರ್ಸ್ ಒಂದೇ ಉಸಿರಿನಲ್ಲಿ ಕೇಳಿದಳು: "ಯಾವಾಗ ಶುರುವಾಯ್ತು? ಪ್ರೆಶರ್ ಎಷ್ಟಿತ್ತು? ಯಾವ ಮಾತ್ರೆ ತಗೋತಿದ್ರು? ಫೈಲ್ ಕೊಡಿ."

"ಚೀಲದಲ್ಲಿದೆ, ಚೀಲದಲ್ಲಿದೆ," ಎಂದು ಮಗ ತಾಯಿಯ ಕೈಯಿಂದ ಚೀಲ ಕಿತ್ತುಕೊಂಡು, ತಾನೇ ಹೊಲಿದಿದ್ದ ಫೈಲಿನ ಜೇಬಿಗೆ ಕೈಹಾಕಿದ. ಕಾಗದದ ಉಂಡೆ ಬಂತು. ಇನ್ನೊಂದು ಜೇಬು. ಕಾಗದ. ಜಿಪ್ಪು ಪೂರ್ತಿ ಎಳೆದು ಬೆಂಚಿನ ಮೇಲೆ ಬೋರಲು ಹಾಕಿದ. ಮುದುಡಿದ ಪತ್ರಿಕೆಗಳು ಉರುಳಿ ಉರುಳಿ ಆಸ್ಪತ್ರೆಯ ನೆಲದ ತುಂಬ ಹರಡಿದವು. ಕೂತಿದ್ದವರು ಕಾಲು ಸರಿಸಿಕೊಂಡರು.

ಮಗ ತಾಯಿಯನ್ನು ನೋಡಿದ. ಅಂಗಡಿಯಲ್ಲಿ ಹುಟ್ಟಿ ಬೆಳೆದವನಿಗೆ ಆ ಉಂಡೆಗಳು ಯಾರ ಕೈಯವೆಂದು ಕೇಳಬೇಕಾಗಿರಲಿಲ್ಲ.

"ನಾನೇ," ಎಂದಳು ಚೀಲದಮ್ಮ. "ಕುಲಾವಿ ಇತ್ತಲ್ಲ... ಅದಕ್ಕೆ. ತಲೆನೋವು ಬೆಳಿಗ್ಗೇನೇ ಬಂದಿತ್ತು ಮಗ. ನಿನಗೆ ಫೋನ್ ಮಾಡಿರಲಿಲ್ಲ."

ಹುಡುಗಿ ಬದುಕಿಕೊಂಡಳು. ಮಗು, ಹೆಣ್ಣುಮಗು, ಬದುಕಲಿಲ್ಲ. ವೈದ್ಯರು ಕೈಗವಸು ಕಳಚುತ್ತ, "ಬೆಳಿಗ್ಗೇನೇ ಕರ್ಕೊಂಡು ಬಂದಿದ್ರೆ ಬಹುಶಃ ಇಬ್ರೂ ಉಳೀತಿದ್ರು," ಎಂದರು. ಬೈಯಲಿಲ್ಲ. ಬೈದಿದ್ದರೆ ಚೀಲದಮ್ಮನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಆಮೇಲೆ, ಮೊಣಕಾಲೂರಿ ಕಾಗದದ ಉಂಡೆಗಳನ್ನು ಆರಿಸುತ್ತಿದ್ದ ಅವಳ ಪಕ್ಕ ಆ ಹಿರಿಯ ನರ್ಸ್ ಬಂದು ಕೂತಳು.

"ಯಾಕಮ್ಮ ಹೀಗೆ ಮಾಡಿದ್ರಿ?"

ಎಂದೂ ಯಾರಿಗೂ ಹೇಳದ ಮಾತು ಅಲ್ಲಿ, ಅಪರಿಚಿತೆಯ ಮುಂದೆ, ಹೊರಬಂತು. ಹಳೆಯ ಕುಲಾವಿ, ಅಳದೆ ಹುಟ್ಟಿದ ಮಗು, ಎಲ್ಲ.

ನರ್ಸ್ ಕೇಳಿದಳು: "ಆಗ ನಿಮಗೂ ಕಾಲು ಊದಿತ್ತಾ?"

"ಹೂಂ."

"ತಲೆನೋವು? ಕಣ್ಮುಂದೆ ಮಿಂಚು?"

"ಮಿಂಚುಹುಳದ ಹಾಗೆ," ಎಂದಳು ಚೀಲದಮ್ಮ. ಅವಳ ಕೈ ನಿಂತಿತು.

"ಅದು ರಕ್ತದೊತ್ತಡ ಅಮ್ಮ. ಬಸುರೀಲಿ ಬರುತ್ತೆ. ಎಷ್ಟೋ ಜನಕ್ಕೆ ಬರುತ್ತೆ. ಬೇಗ ಬಂದ್ರೆ ನಾವು ಏನಾದ್ರೂ ಮಾಡಬಹುದು. ಕುಲಾವಿ ಹೊಲಿದಿದ್ದಕ್ಕೆ ಯಾವ ಮಗೂನೂ ಸತ್ತಿಲ್ಲ. ನಿಮ್ಮ ಮಗು ಹೋಗಿದ್ದು ನಿಮ್ಮ ತಪ್ಪಿಂದಲ್ಲ."

ಆ ಮಾತು ಕೇಳಲು ಅವಳು ಒಂದು ಜೀವಮಾನವೇ ಕಾದಿದ್ದಳು. ಬಂದದ್ದು ಇಂಥ ದಿನ! ಅಂದು ಮಾಡದ ಪಾಪವನ್ನು ಅಷ್ಟು ವರ್ಷ ಹೊತ್ತಳು. ಆ ಹೊರೆಯ ಭಾರದಲ್ಲೇ ಇಂದು ನಿಜವಾದ ಪಾಪವನ್ನು ಮಾಡಿದಳು. ಹಳೆಯದನ್ನು ನರ್ಸ್ ಇಳಿಸಿದಳು. ಹೊಸದನ್ನು ಇಳಿಸುವವರು ಯಾರು?

ಸೊಸೆಯನ್ನು ಮನೆಗೆ ಕರೆತಂದ ದಿನ ಯಂತ್ರ ನಿಂತಿತ್ತು. ಅವಳು ಒಳಕೋಣೆಯಲ್ಲಿ ಕಣ್ಣು ತೆರೆದೇ ಮಲಗಿದ್ದಳು. ಹಿರಿಯಜ್ಜಿ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ, ಕನಿಕರದಿಂದಲೇ ಎಂಬಂತೆ ಹೇಳಿದಳು:

"ನಾನು ಬಡ್ಕೊಂಡೆ. ಯಾರು ಕೇಳಿದ್ರಿ? ಕುಲಾವಿ ನುಂಗಿಬಿಡ್ತು. ಇನ್ನಾದ್ರೂ ಬುದ್ಧಿ ಕಲೀಲಿ."

ಮಗ ಎದ್ದುನಿಂತ. ಅವನಿಗಿಂತ ಮೊದಲು ಚೀಲದಮ್ಮ ಎದ್ದಳು. ಯಂತ್ರದ ಖಾನೆ ಎಳೆದಳು. ದಾರದ ಉಂಡೆಗಳು ನೆಲಕ್ಕುರುಳಿದವು. ಎರಡು ಕುಲಾವಿಗಳನ್ನು ತಂದು ಅತ್ತೆಯ ಮುಂದೆ ಹಿಡಿದಳು, ಒಂದು ಹಳದಿಗಟ್ಟಿದ್ದು, ಒಂದು ಬಿಳಿಯದು.

"ಯಾವ ಕುಲಾವಿ ನುಂಗಿತು ಅತ್ತೆಮ್ಮ?"

ಆ ದನಿಯನ್ನು ಆ ಮನೆ ಹಿಂದೆ ಕೇಳಿರಲಿಲ್ಲ. ಗಿರಾಕಿಗಳು ಕೇಳಿದ್ದರು; ಅತ್ತೆ ಕೇಳಿರಲಿಲ್ಲ.

"ಇದು ನನ್ನದು. ಸುಡು ಅಂದ್ರಿ. ಸುಡಲಿಲ್ಲ. ಇವನು ಹೊಟ್ಟೇಲಿದ್ದಾಗ ಇದು ಇದೇ ಮನೇಲಿತ್ತು, ಇದೇ ಖಾನೇಲಿ, ನಾನು ದಿನಾ ಯಂತ್ರ ತುಳಿಯೋ ಜಾಗದಲ್ಲಿ. ಕುಲಾವಿ ತಿನ್ನೋದಾದ್ರೆ ಇವನನ್ನ ಯಾಕೆ ಬಿಡ್ತು? ಉಪವಾಸ ಇತ್ತಾ? ಇದು ಅವಳದು. ನಾನೇ ಕದ್ದು ತೆಗೆದೆ. ನೀವು ಹೇಳಿದ್ದನ್ನ ದಾರದ ಎಳೆಯಷ್ಟೂ ತಪ್ಪದ ಹಾಗೆ ಮಾಡಿದೆ. ಚೀಲ ಖಾಲಿ ಮಾಡಿದೆ. ನೋವು ಯಾರ ಕಿವಿಗೂ ಬೀಳದ ಹಾಗೆ ನೋಡ್ಕೊಂಡೆ. ಎಲ್ಲಾ ಪಾಲಿಸಿದೆ ಅತ್ತೆಮ್ಮ. ಮಗು ಹೋಯ್ತು. ಹೇಳಿ, ಅದನ್ನ ತಿಂದಿದ್ದು ಯಾವುದು?"

ಹಿರಿಯಜ್ಜಿ ಹಿಂತಿರುಗಿ, ಗೋಡೆ ತಡವಿಕೊಂಡು ಹೋಗಿ, ತನ್ನ ಪೆಟ್ಟಿಗೆಯ ಮೇಲೆ ಕೂತಳು.

ಒಳಗಿನಿಂದ ಸೊಸೆ ಎಲ್ಲವನ್ನೂ ಕೇಳಿದ್ದಳು. ಚೀಲದಮ್ಮ ಬಿಳಿ ಕುಲಾವಿಯನ್ನು ಅವಳ ದಿಂಬಿನ ಪಕ್ಕ ಇಟ್ಟಾಗ ಸೊಸೆ ಒಂದೇ ಮಾತು ಹೇಳಿದಳು: "ನಾನು ಕೇಳಿದಾಗ ಹೇಳಬಹುದಿತ್ತಲ್ಲ ಅತ್ತೆ. ಚೀಲ ಖಾಲಿ ಇದೆ ಅಂತ. ಖಾಲೀನೇ ತಗೊಂಡು ಹೋಗ್ತಿದ್ವಿ."

ಕ್ಷಮೆ ಕೇಳಬೇಕೆಂದು ಬಂದಿದ್ದ ಚೀಲದಮ್ಮ ಕೇಳದೆ ಹೋದಳು. ಕೆಲವು ತಪ್ಪುಗಳಿಗೆ ಕ್ಷಮೆ ಕೇಳುವುದೂ ಮತ್ತೊಂದು ಹೊರೆ ಹೊರಿಸಿದಂತೆ ಎಂದು ಅವಳಿಗೆ ಹೊಳೆದಿರಬೇಕು.

ಸೊಸೆ ತವರಿಗೆ ಹೋದಳು. ಮರಳಿ ಬಂದಾಗ ಬಸ್ ನಿಲ್ದಾಣದ ಕೆಲಸಕ್ಕೆ ಸೇರಿದಳು. ಅತ್ತೆಯೊಂದಿಗೆ ಬೇಕಾದಷ್ಟೇ ಮಾತು. ಅಂಗಡಿಯಲ್ಲಿ ಚೀಲಗಳು ಜೋತುಬಿದ್ದಿದ್ದವು. ಚೀಲದಮ್ಮ ಕಾಗದ ತುಂಬುವುದನ್ನು ಬಿಟ್ಟಿದ್ದಳು.

"ಇದೇನು ಚೀಲದಮ್ಮ, ನಿಮ್ಮ ಚೀಲಗಳಿಗೆಲ್ಲ ಬರಗಾಲ ಬಂದಿದ್ಯಾ?" ಎಂದು ಗಿರಾಕಿಗಳು ನಗುತ್ತಿದ್ದರು.

"ಒಳಗೇನಿಲ್ಲ ಅಂತ ಕಾಣಿಸ್ಲಿ ಬಿಡಿ," ಎನ್ನುತ್ತಿದ್ದಳು.

ಬಸುರಿ ಹೆಂಗಸು ಯಾರೇ ಹೊಸ್ತಿಲು ತುಳಿದರೂ ಅವಳ ಮೊದಲ ಪ್ರಶ್ನೆ ಒಂದೇ: "ಆಸ್ಪತ್ರೆ ಚೀಲ ತುಂಬಿಟ್ಟಿದ್ಯಾ?" ಇಲ್ಲವೆಂದರೆ, ಮನೆಯಲ್ಲಿ ಹಿರಿಯರು ಬೇಡವೆನ್ನುತ್ತಾರೆ ಎಂದರೆ, ಯಂತ್ರ ನಿಲ್ಲಿಸಿ ತನ್ನ ಕಥೆ ಹೇಳುತ್ತಿದ್ದಳು. ಒಂದನ್ನೂ ಮುಚ್ಚಿಡುತ್ತಿರಲಿಲ್ಲ. ಕೇಳಿ ಕೆಲವರು ಅವಳನ್ನು ಕೊಲೆಗಡುಕಿ ಎಂಬಂತೆ ನೋಡಿಹೋದರು. "ನೋಡ್ಲಿ," ಎಂದಳು ಮಗನಿಗೆ. "ನನ್ನನ್ನ ಬೈಕೊಂಡಾದ್ರೂ ಚೀಲ ತುಂಬ್ಲಿ."

ಕಾಲ ಸರಿದು, ಸೊಸೆಗೆ ಮತ್ತೆ ದಿನ ತುಂಬುತ್ತ ಬಂತು. ಈ ಸಲ ಮೊದಲಿನಿಂದಲೂ ದೊಡ್ಡಾಸ್ಪತ್ರೆಯಲ್ಲೇ ತೋರಿಸುತ್ತಿದ್ದರು. ಒಂದು ಮಧ್ಯಾಹ್ನ ಅವಳು ನೀಲಿ ಚೀಲವನ್ನು ತಂದು ಮಂಚದ ಮೇಲಿಟ್ಟು, "ಅತ್ತೆ," ಎಂದು ಕರೆದಳು.

ಚೀಲದಮ್ಮ ಬಂದು ಬಾಗಿಲಲ್ಲೇ ನಿಂತಳು. "ನೀನೇ ತುಂಬು ಕಂದ. ನಾನು ಅದನ್ನ ಮುಟ್ಟಲ್ಲ."

"ಇಲ್ಲ," ಎಂದಳು ಸೊಸೆ. "ನೀವೇ ತುಂಬಿ. ನಾನು ನೋಡ್ತಾ ಇರ್ತೀನಿ."

ಆ ಮಾತಿನಲ್ಲಿ ಎಷ್ಟು ನಂಬಿಕೆಯಿತ್ತೋ ಅಷ್ಟೇ ಕಾವಲೂ ಇತ್ತು. ಎರಡೂ ತನಗೆ ಸಲ್ಲಬೇಕಾದ್ದೇ ಎಂದುಕೊಂಡು ಚೀಲದಮ್ಮ ಮಂಚದ ಬಳಿ ಕೂತಳು. ಒಂದೊಂದನ್ನೂ ಎತ್ತಿ ಸೊಸೆಗೆ ತೋರಿಸಿ, ಬಾಯಿಬಿಟ್ಟು ಹೇಳಿ, ಒಳಗಿಟ್ಟಳು. "ಉಡುಪು. ಟವೆಲ್. ಲೋಟ. ಮೆತ್ತನೆ ಬಟ್ಟೆ. ಬಾಚಣಿಗೆ."

ಹಿಂದಿನಿಂದ ಸದ್ದಾಯಿತು. ಹಿರಿಯಜ್ಜಿ ಗೋಡೆ ಹಿಡಿದು ಬಂದಿದ್ದಳು.

"ಪೆಟ್ಟಿಗೆಯಿಂದ ಎದ್ದಿದೀನಿ," ಎಂದಳು ಬಿರುಸಾಗಿ, ಯಾರ ಮುಖವನ್ನೂ ನೋಡದೆ. "ಫೈಲೋ ಗೀಲೋ ಏನಾದ್ರೂ ಇದ್ರೆ ಹುಡುಕ್ಕೊಳ್ಳಿ. ಆಮೇಲೆ ಮುದುಕಿ ಕೂತ್ಕೊಂಡಿದ್ಲು ಅನ್ನಬೇಡಿ."

"ಫೈಲು ಇಲ್ಲೇ ಇದೆ ಅಜ್ಜಿ," ಎಂದಳು ಸೊಸೆ. "ನೀವು ಕೂತ್ಕೊಳ್ಳಿ."

ಅಜ್ಜಿ ಕೂರಲಿಲ್ಲ. ನಿಂತೇ ನೋಡಿದಳು. ಚೀಲದಮ್ಮ ಫೈಲನ್ನು ಅದರ ಜೇಬಿಗೆ ಸೇರಿಸಿದಳು. ಕೊನೆಗೆ ಸೊಸೆ ದಿಂಬಿನ ಕೆಳಗಿನಿಂದ ಬಿಳಿ ಕುಲಾವಿ ತೆಗೆದುಕೊಟ್ಟಳು. ಅದರ ಒಂದು ದಾರ ಕಿತ್ತಿತ್ತು. ಚೀಲದಮ್ಮ ಯಂತ್ರದ ಖಾನೆಯಿಂದ ತನ್ನ ಹಳೆಯ ಕುಲಾವಿಯನ್ನು ತಂದು, ಅದರ ದಾರ ಬಿಚ್ಚಿ, ಈ ಕುಲಾವಿಗೆ ಕೈಹೊಲಿಗೆಯಲ್ಲಿ ಕೂಡಿಸಿದಳು. ಹಳದಿಗಟ್ಟಿದ ದಾರ, ಬಿಳಿಯ ಕುಲಾವಿ.

"ಕುಲಾವಿ," ಎಂದು ಬಾಯಿಬಿಟ್ಟು ಹೇಳಿ, ಎಲ್ಲದರ ಮೇಲೆ ಇಟ್ಟಳು. ಮೂರೂ ಹೆಂಗಸರು ಕಿಟಕಿಯ ಕಡೆ ನೋಡಿದರು. ಕಿಟಕಿ ತೆರೆದೇ ಇತ್ತು. ಯಾರೂ ಇಣುಕಲಿಲ್ಲ. ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು, ಅಷ್ಟೇ.

ಚೀಲದಮ್ಮ ಜಿಪ್ಪು ಎಳೆದಳು. ಸೊಸೆ ಕೈಚಾಚಿ ಚೀಲವನ್ನು ತನ್ನ ಕಡೆ ಎಳೆದುಕೊಂಡು, ಅದರ ಹೊಟ್ಟೆಯನ್ನು ಎರಡೂ ಅಂಗೈಗಳಿಂದ ಮೆಲ್ಲನೆ ಒತ್ತಿದಳು. ಕಿವಿಗೊಟ್ಟು ಕೇಳಿದಳು.

ಕಾಗದದ ಸದ್ದು ಬರಲಿಲ್ಲ.